ಹರಾಜಿನ ಬೆಲೆ, ಕೈಗೆ ಬರುವ ಹಣ: ಓದುಗರ ಕ್ರೀಡಾ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆಟಗಾರರ ಸಂಪಾದನೆಯ ಬಗ್ಗೆಯೇ. ಬೈದು ಬರೆದವರೇ ಹೆಚ್ಚು, ಲೆಕ್ಕ ಕೇಳಿದವರೂ ಇದ್ದಾರೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಉದ್ದದ ಪತ್ರಗಳನ್ನು ಮೊಟಕು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ರಿಷಭ್ ಪಂತ್‌ಗೆ 27 ಕೋಟಿ ರೂಪಾಯಿ! ಎರಡು ತಿಂಗಳ ಆಟಕ್ಕೆ ಇಷ್ಟು ಕೊಡುವುದು ಅನ್ಯಾಯವಲ್ಲವೇ? ಅಷ್ಟೂ ದುಡ್ಡು ಅವರ ಖಾತೆಗೇ ಬೀಳುತ್ತದೆಯೇ?
— ಮಲ್ಲೇಶ್ವರದ ಓದುಗರು

ಎರಡನೆಯದಕ್ಕೆ ಮೊದಲು ಉತ್ತರ: ಅಷ್ಟೂ ಬೀಳುವುದಿಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಐಪಿಎಲ್ ಹರಾಜಿನಲ್ಲಿ ಲಖನೌ ತಂಡ ಕೂಗಿದ 27 ಕೋಟಿ ಒಂದು ಋತುವಿನ ಸಂಭಾವನೆ. ಹೊಸ ತೆರಿಗೆ ಪದ್ಧತಿಯಲ್ಲಿ ಶೇ 30ರ ದರ, ಅದಕ್ಕೆ ಶೇ 25 ಸರ್‌ಚಾರ್ಜ್, ಅದರ ಮೇಲೆ ಶೇ 4 ಸೆಸ್. ಎಲ್ಲ ಕೂಡಿ ಮೇಲಿನ ಹಂತದಲ್ಲಿ ಶೇ 39. ಖರ್ಚು ಕಳೆಯದೆ ಲೆಕ್ಕ ಹಾಕಿದರೆ ಸುಮಾರು 10.5 ಕೋಟಿ ತೆರಿಗೆಗೆ ಹೋಗಿ 16.5 ಕೋಟಿ ಉಳಿಯುತ್ತದೆ. ಏಜೆಂಟ್ ಕಮಿಷನ್, ಸ್ವಂತ ಟ್ರೈನರ್, ಫಿಸಿಯೊ ಮುಂತಾದ ಖರ್ಚನ್ನು ತೆರಿಗೆಗೆ ಮುಂಚೆ ಆದಾಯದಿಂದ ಕಳೆದು ತೋರಿಸಬಹುದು. ಆದರೆ ಆ ಖರ್ಚು ಆಟಗಾರನ ಕೈಯಿಂದಲೇ ಆಗಬೇಕು.

ಹಣ ಒಂದೇ ಸಲ ಬರುವುದೂ ಇಲ್ಲ. ಕೆಲವು ತಂಡಗಳು ಎರಡು ಸಮ ಕಂತಿನಲ್ಲಿ ಕೊಡುತ್ತವೆ. ಇನ್ನು ಕೆಲವು ಋತುವಿಗೆ ಮುಂಚೆ ಶೇ 15, ನಡುವೆ ಶೇ 65, ಮುಗಿದ ಮೇಲೆ ಶೇ 20 ಎಂದು ಹಂಚುತ್ತವೆ. ಶಿಬಿರ ಸೇರಿದ ಮೇಲೆ ಗಾಯಗೊಂಡರೆ ಪೂರ್ತಿ ಹಣ ಸಿಗುತ್ತದೆ. ಋತು ಶುರುವಾಗುವ ಮುನ್ನವೇ ಗಾಯಗೊಂಡು ಬರಲಾಗದಿದ್ದರೆ ಫ್ರಾಂಚೈಸಿ ಕೊಡಬೇಕಿಲ್ಲ. ಕ್ರಿಕೆಟ್ ಮಂಡಳಿ ಬಿಸಿಸಿಐಯ ಗುತ್ತಿಗೆ ಇದ್ದವರಿಗೆ ಅಲ್ಲಿ ವಿಮೆಯ ಆಸರೆ ಇದೆ, ಉಳಿದವರಿಗೆ ಇಲ್ಲ. ಕೂಡಿಸಬೇಕಾದದ್ದೂ ಒಂದಿದೆ. 2025ರಿಂದ ಆಡಿದ ಪ್ರತಿ ಪಂದ್ಯಕ್ಕೆ 7.5 ಲಕ್ಷ ಪಂದ್ಯ ಶುಲ್ಕ ಬೇರೆ. ಲೀಗ್‌ನ 14 ಪಂದ್ಯವನ್ನೂ ಆಡಿದರೆ 1.05 ಕೋಟಿ ಆಯಿತು. ಕೋಟಿಗಟ್ಟಲೆ ಪಡೆಯುವವರಿಗೆ ಇದು ಚಿಲ್ಲರೆ. 30 ಲಕ್ಷದ ಮೂಲಬೆಲೆಗೆ ಬಂದ ಹುಡುಗನಿಗೆ ಇದರಿಂದ ಸಂಪಾದನೆ ನಾಲ್ಕೂವರೆ ಪಟ್ಟಾಗುತ್ತದೆ. ಐಪಿಎಲ್‌ನಲ್ಲಿ ಈಚೆಗೆ ಆದ ಬದಲಾವಣೆಗಳಲ್ಲಿ ನಮಗೆ ಮೆಚ್ಚುಗೆಯಾದದ್ದು ಇದು.

ಒಪ್ಪಂದ ಮೂರು ವರ್ಷದ್ದು ಎಂದು ಕೇಳಿ 27ನ್ನು ಮೂರರಿಂದ ಗುಣಿಸುವವರಿದ್ದಾರೆ. ಗುಣಿಸಬೇಡಿ. ಋತು ಮುಗಿದ ಮೇಲೆ ತಂಡ ಕೈಬಿಟ್ಟರೆ ಆ ಬೆಲೆ ಅಲ್ಲಿಗೇ ಮುಗಿಯಿತು. ಅದೇ ಜೆಡ್ಡಾ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್‌ಗೆ ಕೋಲ್ಕತ್ತ ತಂಡ 23.75 ಕೋಟಿ ಕೊಟ್ಟಿತು, ಒಂದು ಋತುವಾದ ಮೇಲೆ ಬಿಟ್ಟಿತು. 2025ರ ಡಿಸೆಂಬರ್‌ನಲ್ಲಿ ನಮ್ಮ ಆರ್‌ಸಿಬಿ ಅವರನ್ನು ತೆಗೆದುಕೊಂಡದ್ದು 7 ಕೋಟಿಗೆ. ಆಟ ಕೈಕೊಟ್ಟ ಒಂದೇ ವರ್ಷಕ್ಕೆ ಸಂಬಳ ಮೂರನೇ ಒಂದು ಪಾಲಿಗಿಂತ ಕೆಳಗಿಳಿಯುವ ನೌಕರಿ ಇದು.

ಅನ್ಯಾಯವೇ ಎಂಬ ಮಾತಿಗೆ, ಮುಂದೆ ಜಯನಗರದವರಿಗೆ ಕೊಟ್ಟ ಉತ್ತರ ಓದಿ.

ಪ್ರಶ್ನೆ: ಆಟಗಾರರಿಗೆ ಹೀಗೆ ಸುರಿಯುವುದರಿಂದಲೇ ಚಿನ್ನಸ್ವಾಮಿಯ ಟಿಕೆಟ್ ನಮ್ಮಂಥವರ ಕೈಗೆಟುಕದಂತಾಗಿದೆ. ಸಂಬಳ ಇಳಿಸಿದರೆ ಟಿಕೆಟ್ ದರ ಇಳಿಯುವುದಿಲ್ಲವೇ?
— ರಾಜಾಜಿನಗರದ ಓದುಗರು

ಇಳಿಯುವುದಿಲ್ಲ. ಪತ್ರ ಬರೆದವರಲ್ಲಿ ಬಹುತೇಕರು ಇದನ್ನೇ ನಂಬಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿಗೆ, 410 ಪಂದ್ಯಗಳ ಲೆಕ್ಕದಲ್ಲಿ. ಪಂದ್ಯವೊಂದಕ್ಕೆ 118 ಕೋಟಿ. 2025ರಲ್ಲಿ ನಡೆದದ್ದು 74 ಪಂದ್ಯ, ಅಂದರೆ ಸುಮಾರು 8,730 ಕೋಟಿ. ಇದರಲ್ಲಿ ಹೆಚ್ಚುಕಮ್ಮಿ ಅರ್ಧ ಹತ್ತು ತಂಡಗಳಿಗೆ ಹಂಚಿಕೆಯಾಗುತ್ತದೆ. ಸರಾಸರಿ ತೆಗೆದರೆ ತಂಡಕ್ಕೆ 430 ಕೋಟಿಯ ಮೇಲೆ. ಆ ವರ್ಷ ಒಂದು ತಂಡ ಆಟಗಾರರಿಗಾಗಿ ಮಾಡಬಹುದಾಗಿದ್ದ ಗರಿಷ್ಠ ಖರ್ಚು 146 ಕೋಟಿ: ಹರಾಜಿನ ಪರ್ಸ್ (ಆಟಗಾರರನ್ನು ಕೊಳ್ಳಲು ಇಟ್ಟ ಹಣ) 120 ಕೋಟಿ, ಉಳಿದದ್ದು ಪಂದ್ಯ ಶುಲ್ಕ ಮತ್ತು ಸಾಧನೆ ಆಧಾರಿತ ಹಣ. ಕ್ರೀಡಾಂಗಣದ ಗೇಟು ತೆರೆಯುವ ಮುಂಚೆಯೇ ಟಿವಿ ಹಣದಲ್ಲಿ ಸಂಬಳ ಪೂರ್ತಿ ತೀರಿ, ಅದರ ಎರಡರಷ್ಟು ಮಿಕ್ಕಿರುತ್ತದೆ. ಲಖನೌ, ಗುಜರಾತ್‌ನಂಥ ಹೊಸ ತಂಡಗಳ ಕಥೆ ಬೇರೆ. ಕ್ರಮವಾಗಿ 7,090 ಕೋಟಿ ಮತ್ತು 5,625 ಕೋಟಿಯ ಫ್ರಾಂಚೈಸಿ ಶುಲ್ಕವನ್ನು ಹತ್ತು ವರ್ಷದ ಕಂತಿನಲ್ಲಿ ತೀರಿಸುತ್ತಿರುವ ಅವರಿಗೆ ಮಿಗುವುದು ಕಷ್ಟ. 2008ರಲ್ಲೇ ಶುರುವಾದ ಆರ್‌ಸಿಬಿಯಂಥ ತಂಡಗಳು ಆ ಕಂತು ಮುಗಿಸಿ ಈಗ ಆದಾಯದ ಶೇ 20ನ್ನು ಬಿಸಿಸಿಐಗೆ ಕಟ್ಟುತ್ತವೆ.

ಹಾಗಾದರೆ ಟಿಕೆಟ್ ದರ ಯಾಕೆ ಹಾಗಿದೆ? ಚಿನ್ನಸ್ವಾಮಿಯಲ್ಲಿರುವುದು ಸುಮಾರು 35 ಸಾವಿರ ಆಸನ, ಲೀಗ್‌ನಲ್ಲಿ ತವರಿನ ಪಂದ್ಯ ಏಳು. ಒಟ್ಟು ಎರಡೂವರೆ ಲಕ್ಷದಷ್ಟೂ ಇಲ್ಲ. ಅದರಲ್ಲಿ ಸದಸ್ಯರ ಪಾಲು, ಪ್ರಾಯೋಜಕರ ಪಾಲು, ಪಾಸ್‌ಗಳು ಹೋಗಿ ಮಾರಾಟಕ್ಕೆ ಬರುವುದು ಇನ್ನೂ ಕಡಿಮೆ. ಕೋಟಿ ದಾಟಿದ ಜನಸಂಖ್ಯೆಯ ಊರಿನಲ್ಲಿ ನಿಮಿಷಗಳಲ್ಲಿ ಖಾಲಿಯಾಗುವ ಸರಕಿನ ಬೆಲೆ ಇಳಿಸಲು ಯಾವ ಮಾಲೀಕನೂ ಮುಂದಾಗುವುದಿಲ್ಲ. ಆಟಗಾರರೆಲ್ಲ ನಾಳೆ ಪುಕ್ಕಟೆ ಆಡುತ್ತೇವೆಂದರೂ ದರ ಅಷ್ಟೇ ಇರುತ್ತದೆ, ಮಿಕ್ಕ ಹಣ ತಂಡದ ಮಾಲೀಕರಿಗೆ ಸೇರುತ್ತದೆ. ದರ ಏರಿದ್ದರಲ್ಲಿ ನಿಮ್ಮ ಕಣ್ಣಿಗೆ ಕಾಣುವ ಒಂದು ಭಾಗ ಜಿಎಸ್‌ಟಿಯದು. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ತೆರಿಗೆ ಶೇ 28ರಿಂದ 40ಕ್ಕೆ ಹೋಯಿತು. ಮೂಲದರ 2,000 ಇದ್ದ ಟಿಕೆಟ್‌ಗೆ ಮುಂಚೆ 2,560, ಈಗ 2,800. ಮಾನ್ಯತೆ ಪಡೆದ ಕ್ರೀಡಾಕೂಟಗಳ 500 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ, ಅದಕ್ಕೂ ಮೇಲಿನದಕ್ಕೆ ಶೇ 18. ರಿಯಾಯಿತಿಯ ಆ ಪಟ್ಟಿಯಲ್ಲಿ ಐಪಿಎಲ್ ಇಲ್ಲ.

ಪ್ರಶ್ನೆ: ಕ್ಯಾಮರಾನ್ ಗ್ರೀನ್ 25.20 ಕೋಟಿಗೆ ಹೋದರು, ಆದರೆ ಅವರಿಗೆ ಸಿಗುವುದು 18 ಕೋಟಿ ಎಂದು ಓದಿದೆ. ಉಳಿದದ್ದನ್ನು ಯಾರು ನುಂಗಿದರು?
— ಬನಶಂಕರಿಯ ಓದುಗರು

ನುಂಗಿದ್ದಲ್ಲ, ನಿಯಮವೇ ಹಾಗಿದೆ. ದೊಡ್ಡ ಹರಾಜುಗಳ ನಡುವಿನ ವರ್ಷಗಳಲ್ಲಿ ನಡೆಯುವ ಕಿರು ಹರಾಜಿನಲ್ಲಿ ವಿದೇಶಿ ಆಟಗಾರನಿಗೆ 18 ಕೋಟಿಯ ಮಿತಿ. ಕೋಲ್ಕತ್ತ ತಂಡದ ಪರ್ಸ್‌ನಿಂದ 25.20 ಕೋಟಿ ಪೂರ್ತಿ ಕಳೆಯುತ್ತದೆ. ಮೇಲಿನ 7.20 ಕೋಟಿ ಆಟಗಾರರ ಕಲ್ಯಾಣಕ್ಕೆಂದು ಬಿಸಿಸಿಐಗೆ ಹೋಗುತ್ತದೆ. ದೊಡ್ಡ ಹರಾಜನ್ನು ಬೇಕೆಂದೇ ತಪ್ಪಿಸಿಕೊಂಡು, ಆಟಗಾರರ ಕೊರತೆಯಿರುವ ಕಿರು ಹರಾಜಿಗೆ ಬಂದು ಬೆಲೆ ಏರಿಸಿಕೊಳ್ಳುವುದನ್ನು ತಡೆಯಲು ತಂದ ಮಿತಿ. ಇದರ ಜೋಡಿ ನಿಯಮ ಇನ್ನೂ ಬಿಗಿ. ಹರಾಜಾದ ಮೇಲೆ ತಕ್ಕ ಕಾರಣವಿಲ್ಲದೆ ಹಿಂದೆ ಸರಿದರೆ ಎರಡು ವರ್ಷ ನಿಷೇಧ. ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ 2025ರಲ್ಲಿ ಬಿದ್ದದ್ದು ಇದೇ. ಆಟಗಾರ ಕೈಕೊಟ್ಟರೆ ನಿಷೇಧ, ತಂಡ ಕೈಬಿಟ್ಟರೆ ಏನೂ ಇಲ್ಲ. ನೀವು ನುಂಗಿದ ಹಣ ಹುಡುಕುವ ಬದಲು ಈ ಏಕಪಕ್ಷೀಯತೆಯನ್ನು ಪ್ರಶ್ನಿಸಿದ್ದರೆ ನಾವೂ ದನಿಗೂಡಿಸುತ್ತಿದ್ದೆವು.

ಪ್ರಶ್ನೆ: ಒಬ್ಬ ಓದುಗರು ಆಟಗಾರರಿಗೆ ಹೆಚ್ಚಾಯಿತು ಎನ್ನುತ್ತಾರೆ, ಇನ್ನೊಬ್ಬರು ಅವರ ದುಡಿಮೆಯನ್ನು ದೋಚುತ್ತಿದ್ದಾರೆ ಎನ್ನುತ್ತಾರೆ. ಸರಿಯಾದ ಅಳತೆ ಯಾವುದು?
— ಜಯನಗರದ ಓದುಗರು

ಒಬ್ಬ ಆಟಗಾರನ ಬೆಲೆಯಿಂದ ಏನೂ ತಿಳಿಯುವುದಿಲ್ಲ. ಆಟ ಒಟ್ಟು ತಂದ ಹಣದಲ್ಲಿ ಆಡಿದವರೆಲ್ಲರ ಪಾಲು ಎಷ್ಟು ಎಂಬುದೇ ಅಳತೆ.

ಮೇಲಿನ ಅಂಕಿಗಳನ್ನೇ ತೆಗೆದುಕೊಳ್ಳಿ. ಹತ್ತು ತಂಡವೂ 146 ಕೋಟಿಯ ಮಿತಿ ಮುಟ್ಟಿತೆಂದರೂ ಒಟ್ಟು 1,460 ಕೋಟಿ. ಪ್ರಸಾರ ಹಣವೊಂದನ್ನೇ ಇಟ್ಟುಕೊಂಡರೆ ಇದು ಶೇ 17ಕ್ಕೂ ತುಸು ಕಡಿಮೆ. ಶೀರ್ಷಿಕೆ ಪ್ರಾಯೋಜಕರಾದ ಟಾಟಾ ಐದು ವರ್ಷಕ್ಕೆ ಕೊಡುತ್ತಿರುವ 2,500 ಕೋಟಿಯಲ್ಲಿ ಒಂದು ವರ್ಷದ 500 ಕೋಟಿ ಸೇರಿಸಿ, ಶೇ 16ರ ಆಸುಪಾಸು. ಟಿಕೆಟ್, ಅಂಗಿಯ ಮೇಲಿನ ಜಾಹೀರಾತು ಸೇರಿಸಿದರೆ ಇನ್ನೂ ಇಳಿಯುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಟಗಾರರಿಗೆ ಆದಾಯದ ಶೇ 49ರಿಂದ 51, ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕನಿಷ್ಠ ಶೇ 48. ಅದನ್ನು ಯಾರೂ ಉದಾರವಾಗಿ ಕೊಟ್ಟಿಲ್ಲ. ಸಂಘ ಕಟ್ಟಿ, ಸಾಮೂಹಿಕ ಒಪ್ಪಂದದಲ್ಲಿ ಬರೆಸಿಕೊಂಡದ್ದು.

ಬಿಸಿಸಿಐ ಪರ ವಾದವೂ ತಳ್ಳಿಹಾಕುವಂಥದ್ದಲ್ಲ. ಅಮೆರಿಕದಲ್ಲಿ ಆಟಗಾರರನ್ನು ತಯಾರು ಮಾಡುವ ಖರ್ಚು ಶಾಲೆ, ಕಾಲೇಜುಗಳದ್ದು. ಇಲ್ಲಿ 16 ವರ್ಷದೊಳಗಿನವರ ಟೂರ್ನಿಯಿಂದ ರಣಜಿವರೆಗೆ ಎಲ್ಲ ನಡೆಯುವುದು ಮಂಡಳಿಯ ಹಣದಲ್ಲಿ. ಮಂಡಳಿಯ ಒಟ್ಟು ಆದಾಯದಲ್ಲಿ ಶೇ 26 ಆಟಗಾರರಿಗೆ ಎಂಬ ಸೂತ್ರವೂ ಬಹುಕಾಲದಿಂದಿದೆ: ಅಂತರರಾಷ್ಟ್ರೀಯ ಆಟಗಾರರಿಗೆ ಶೇ 13, ದೇಶೀಯ ಆಟಗಾರರಿಗೆ ಶೇ 10.6, ಉಳಿದದ್ದು ಮಹಿಳೆಯರಿಗೆ ಮತ್ತು ಕಿರಿಯರಿಗೆ. ಮಹಿಳೆಯರನ್ನೂ ಕಿರಿಯರನ್ನೂ ಒಂದೇ ಮೂಲೆಗೆ ಸೇರಿಸಿದ್ದು ಆ ಸೂತ್ರದ ವಯಸ್ಸನ್ನು ಹೇಳುತ್ತದೆ. ನಮ್ಮ ಮಟ್ಟಿಗೆ, ತುದಿಯ ಇಪ್ಪತ್ತು ಮೂವತ್ತು ಜನರಿಗೆ ಕಡಿಮೆಯಾಗಿದೆ ಎಂದು ಅಳುವ ಅಗತ್ಯವಿಲ್ಲ. ಆದರೆ ಒಟ್ಟು ಪಾಲು ಕಡಿಮೆ, ಅದರ ಏಟು ಬೀಳುವುದು ಕೆಳಗಿನವರ ಮೇಲೆ.

ಪ್ರಶ್ನೆ: ಹಾಗಿದ್ದರೆ ನಮ್ಮ ಕ್ರಿಕೆಟಿಗರು ಯಾಕೆ ಸಂಘ ಕಟ್ಟುವುದಿಲ್ಲ, ಮುಷ್ಕರ ಮಾಡುವುದಿಲ್ಲ?
— ಬಸವನಗುಡಿಯ ಓದುಗರು

ಸಂಘವೊಂದಿದೆ. ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿ ಸೂಚಿಸಿದ ಸುಧಾರಣೆಗಳ ಫಲವಾಗಿ 2019ರಲ್ಲಿ ಬಂದ ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್. ಆದರೆ ಅದು ನಿವೃತ್ತರದ್ದು. ಬ್ಯಾಟು ಹಿಡಿದು ಅಂಗಳದಲ್ಲಿರುವವರಿಗೆ ಅಲ್ಲಿ ಸದಸ್ಯತ್ವವಿಲ್ಲ. ಜಗತ್ತಿನ ಕ್ರಿಕೆಟಿಗರ ಸಂಘಗಳ ಒಕ್ಕೂಟದಲ್ಲೂ ಭಾರತ ಇಲ್ಲ.

ಪ್ರಯತ್ನಗಳು ಆಗಿವೆ. 1989ರಲ್ಲಿ ಮಂಡಳಿಯ ಮಾತು ಮೀರಿ ಅಮೆರಿಕದಲ್ಲಿ ಪ್ರದರ್ಶನ ಪಂದ್ಯ ಆಡಿದರೆಂದು ಕಪಿಲ್ ದೇವ್, ವೆಂಗ್‌ಸರ್ಕಾರ್ ಮುಂತಾದವರಿಗೆ ನಿಷೇಧ ಹಾಕಿ, ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ, ಕೊನೆಗೆ ನಿಷೇಧ ತೆಗೆಯಬೇಕಾಯಿತು. 2002ರ ಚಾಂಪಿಯನ್ಸ್ ಟ್ರೋಫಿಗೆ ಮುನ್ನ ಐಸಿಸಿ ಪ್ರಾಯೋಜಕರ ಎದುರಾಳಿ ಕಂಪನಿಗಳ ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬಾರದೆಂಬ ಷರತ್ತಿಗೆ ಸಹಿ ಹಾಕಲು ಆಟಗಾರರು ಒಪ್ಪಲಿಲ್ಲ. ಆ ಕಾಲದಲ್ಲಿ ಆಟಗಾರರ ಪರವಾಗಿ ಮಂಡಳಿಯೊಂದಿಗೆ ಮಾತುಕತೆಗೆ ಕೂತವರಲ್ಲಿ ನಮ್ಮವರೇ ಆದ ಅನಿಲ್ ಕುಂಬ್ಳೆ ಮುಖ್ಯರು. ಶ್ರೇಣಿವಾರು ಕೇಂದ್ರೀಯ ಗುತ್ತಿಗೆ ಜಾರಿಗೆ ಬಂದದ್ದು ಆ ಚರ್ಚೆಗಳ ನಂತರ.

ಈಗ ಯಾಕಿಲ್ಲ? ಬೇರೆ ಬಾಗಿಲಿಲ್ಲ ಎಂಬುದೇ ಕಾರಣ. ಆಡುತ್ತಿರುವ ಭಾರತೀಯ ಪುರುಷ ಆಟಗಾರನಿಗೆ ವಿದೇಶಿ ಟಿ20 ಲೀಗ್ ಆಡಲು ಮಂಡಳಿ ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ. ಅಶ್ವಿನ್ ಹೊರಗಿನ ಲೀಗ್‌ಗೆ ಸಹಿ ಹಾಕಿದ್ದು 2025ರಲ್ಲಿ ಐಪಿಎಲ್‌ಗೂ ವಿದಾಯ ಹೇಳಿದ ಮೇಲೆ. ಮಹಿಳೆಯರಿಗೆ ಆಸ್ಟ್ರೇಲಿಯಾ, ಇಂಗ್ಲೆಂಡ್ ಲೀಗ್‌ಗಳಲ್ಲಿ ಆಡಲು ಅಡ್ಡಿಯಿಲ್ಲ, ಗಂಡಸರಿಗೆ ಮಾತ್ರ ಬೇಲಿ. ಜೊತೆಗೆ ಕಾಗದದ ಮೇಲೆ ಆಟಗಾರ ನೌಕರನಲ್ಲ, ಸೇವೆ ಒದಗಿಸುವ ವೃತ್ತಿಪರ. ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕತ್ತರಿಸುವುದೂ ಆ ಲೆಕ್ಕದಲ್ಲೇ. ಇನ್ನು, ಮುಷ್ಕರ ಹೂಡಿದರೆ ಅತಿ ಹೆಚ್ಚು ಕಳೆದುಕೊಳ್ಳುವವರು ಮೇಲಿನ ಹದಿನೈದು ಜನ, ಪಡೆದುಕೊಳ್ಳುವವರು ಕೆಳಗಿನ ಸಾವಿರ ಜನ. ಮೇಲಿನವರು ಮುಂದೆ ನಿಲ್ಲದೆ ಕೆಳಗಿನವರ ದನಿಗೆ ಬೆಲೆಯಿಲ್ಲ. ಬಾಂಗ್ಲಾದೇಶದಲ್ಲಿ 2019ರ ಅಕ್ಟೋಬರ್‌ನಲ್ಲಿ ತಾರಾ ಆಟಗಾರ ಶಕೀಬ್ ಅಲ್ ಹಸನ್ ಅವರೇ ಮುಂದೆ ನಿಂತರು. ಬೇಡಿಕೆ ಪಟ್ಟಿಯಲ್ಲಿ ದೇಶೀಯ ಪಂದ್ಯ ಶುಲ್ಕವನ್ನು ಒಂದು ಲಕ್ಷ ಟಾಕಾಗೆ ಏರಿಸಿ ಎಂಬುದೂ ಇತ್ತು. ಭಾರತ ಪ್ರವಾಸ ಎದುರಿಗಿದ್ದ ಹೊತ್ತು ನೋಡಿಯೇ ಹೂಡಿದ ಮುಷ್ಕರ ಮೂರು ದಿನದಲ್ಲಿ ಮುಗಿಯಿತು, ಬೇಡಿಕೆಗಳಲ್ಲಿ ಹೆಚ್ಚಿನವನ್ನು ಮಂಡಳಿ ಒಪ್ಪಿತು. ಆಸ್ಟ್ರೇಲಿಯಾದಲ್ಲಿ 2017ರ ಜೂನ್ 30ಕ್ಕೆ ಒಪ್ಪಂದ ಮುಗಿದು ಸುಮಾರು 230 ಆಟಗಾರರು ಒಂದು ತಿಂಗಳಿಗೂ ಹೆಚ್ಚು ಕಾಲ ಕೆಲಸವಿಲ್ಲದೆ ಕೂತರು. ಆದಾಯದಲ್ಲಿ ಪಾಲು ಎಂಬ ಪದ್ಧತಿಯನ್ನು ಮಂಡಳಿ ಕೈಬಿಡಲು ನೋಡಿದ್ದೇ ಜಗಳ. ಪದ್ಧತಿ ಉಳಿಯಿತು.

ಸಂಘವಿದ್ದ ಮಾತ್ರಕ್ಕೆ ಆಗುವುದಿಲ್ಲ ಎಂಬುದಕ್ಕೆ ವೆಸ್ಟ್ ಇಂಡೀಸ್ ನೋಡಿ. 2014ರ ಅಕ್ಟೋಬರ್‌ನಲ್ಲಿ ಅವರು ಧರ್ಮಶಾಲಾದಿಂದ ಪ್ರವಾಸ ಬಿಟ್ಟು ಹೊರಟದ್ದು ತಮ್ಮ ಸಂಘವೇ ತಮ್ಮನ್ನು ಕೇಳದೆ ಸಂಬಳ ಕಡಿತದ ಒಪ್ಪಂದಕ್ಕೆ ಸಹಿ ಹಾಕಿತೆಂಬ ಸಿಟ್ಟಿನಿಂದ. ಬಿಸಿಸಿಐ ಕೇಳಿದ ಪರಿಹಾರ ಸುಮಾರು 4.2 ಕೋಟಿ ಡಾಲರ್.

ಪ್ರಶ್ನೆ: ಮುಷ್ಕರವಾದರೆ ಟಿಕೆಟ್ ಕೊಂಡ ಅಭಿಮಾನಿಗೆ ಮೋಸವಲ್ಲವೇ?
— ಎಚ್‌ಎಸ್‌ಆರ್ ಬಡಾವಣೆಯ ಓದುಗರು

ನಷ್ಟ ಹೌದು. ಅಭಿಮಾನಿಗಳು ಅದನ್ನು ಮರೆಯುವುದೂ ಇಲ್ಲ. 1994ರ ಆಗಸ್ಟ್ 12ರಂದು ಅಮೆರಿಕದ ಬೇಸ್‌ಬಾಲ್ ಆಟಗಾರರು ಶುರು ಮಾಡಿದ ಮುಷ್ಕರ 232 ದಿನ ನಡೆದು, 1904ರ ನಂತರ ಮೊದಲ ಸಲ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ನಡೆಯಲಿಲ್ಲ. ಮರುವರ್ಷ ಪ್ರೇಕ್ಷಕರ ಸಂಖ್ಯೆ ಐದನೇ ಒಂದರಷ್ಟು ಕುಸಿಯಿತು. ಆದರೆ ಆಟ ನಿಂತಾಗ ಬಾಗಿಲು ಹಾಕಿದವರು ಯಾರು ಎಂದು ಮೊದಲು ನೋಡಿ. 2004-05ರಲ್ಲಿ ಅಲ್ಲಿನ ಐಸ್ ಹಾಕಿ ಲೀಗ್‌ನ ಇಡೀ ಋತು ರದ್ದಾದದ್ದು, 2021ರ ಡಿಸೆಂಬರ್‌ನಿಂದ 99 ದಿನ ಬೇಸ್‌ಬಾಲ್ ನಿಂತದ್ದು, ಎರಡೂ ಮಾಲೀಕರು ಘೋಷಿಸಿದ ಲಾಕೌಟ್. ಬೈಗುಳ ಮಾತ್ರ ಆಟಗಾರರಿಗೇ ಬಿತ್ತು.

ಪ್ರಶ್ನೆ: 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿಯಿತಲ್ಲ, ಹಾಗೆ ಮಾಡಬಹುದೇ? ನಮ್ಮ ತಂಗಿಯ ಮಗ ಬೇರೆ ಒಂದು ಕ್ಲಬ್‌ಗೆ ಆಡುತ್ತಾನೆ, ಅಲ್ಲೂ ಎರಡು ತಿಂಗಳ ಹಣ ಬಂದಿಲ್ಲ. ಏನು ಮಾಡಬೇಕು?
— ಆಸ್ಟಿನ್ ಟೌನ್‌ನ ಓದುಗರು

ಹಿನ್ನೆಲೆ ಇಷ್ಟು. ಫುಟ್‌ಬಾಲ್‌ನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಸುವ ಎಫ್‌ಎಸ್‌ಡಿಎಲ್ ಕಂಪನಿಗೂ ಫುಟ್‌ಬಾಲ್ ಫೆಡರೇಷನ್‌ಗೂ 2010ರಲ್ಲಿ ಆದ 15 ವರ್ಷದ, 700 ಕೋಟಿಯ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ನವೀಕರಣ ಆಗದ್ದರಿಂದ ಜುಲೈ 11ರಂದು ಲೀಗ್ ತಡೆಹಿಡಿದರು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಬಹಿರಂಗವಾಗಿ ಹೇಳಿತು. ಲೀಗ್ ಶುರುವಾದದ್ದು 2026ರ ಫೆಬ್ರವರಿ 14ಕ್ಕೆ, ಅದೂ ಮೊಟಕಾಗಿ. ಲೀಗ್ ಇಲ್ಲ ಎಂಬುದು ಕ್ಲಬ್‌ಗೆ ಕಷ್ಟವೇ. ಆದರೆ ಗುತ್ತಿಗೆಯಲ್ಲಿ ಹಾಗೆ ಬರೆದಿರದಿದ್ದರೆ ಅದರಿಂದಲೇ ಸಂಬಳದ ಬಾಧ್ಯತೆ ಕರಗುವುದಿಲ್ಲ.

ನಿಮ್ಮ ಹುಡುಗನ ವಿಷಯ. ಫಿಫಾ ನಿಯಮದ 14ಬಿಸ್ ಕಲಮಿನ ಪ್ರಕಾರ ಎರಡು ತಿಂಗಳ ಸಂಬಳ ಬಾಕಿಯಿದ್ದು, ಆಟಗಾರ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದರೂ ಹಣ ಬರದಿದ್ದರೆ ಗುತ್ತಿಗೆ ಮುರಿಯಲು ಅದು ನ್ಯಾಯಯುತ ಕಾರಣ. ಭಾರತದ ಆಟಗಾರ, ಭಾರತದ ಕ್ಲಬ್ ಎಂದಾಗ ದೂರು ಹೋಗಬೇಕಾದದ್ದು ಫಿಫಾಗಲ್ಲ, ಭಾರತದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್‌ನ ಆಟಗಾರರ ಸ್ಥಾನಮಾನ ಸಮಿತಿಗೆ. ಅಲ್ಲಿ ಈ ಅಳತೆಯನ್ನೇ ಮುಂದಿಟ್ಟು ವಾದಿಸಬೇಕು.

ಮೊದಲ ಕೆಲಸ, ಗುತ್ತಿಗೆಯ ಪ್ರತಿ ಕೈಯಲ್ಲಿದೆಯೇ, ಫೆಡರೇಷನ್‌ನ ಸಿಆರ್‌ಎಸ್ ನೋಂದಣಿ ವ್ಯವಸ್ಥೆಗೆ ಏರಿಸಿದ ಪ್ರತಿಯಲ್ಲೂ ಅದೇ ಮೊತ್ತ ಇದೆಯೇ ನೋಡುವುದು. ಕೆಳಗಿನ ಹಂತದಲ್ಲಿ ಪ್ರಕರಣ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಒಂದು ಮೊತ್ತ ಕಾಗದದಲ್ಲಿ, ಇನ್ನೊಂದು ಬಾಯಿಮಾತಿನಲ್ಲಿ ಅಥವಾ ನಗದಿನಲ್ಲಿ. ಬಾಯಿಮಾತಿನದ್ದು ಹೋಯಿತೆಂದೇ ತಿಳಿಯಿರಿ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಯಾವ ತಿಂಗಳದ್ದು ಬಂದಿದೆ, ಯಾವುದು ಬಂದಿಲ್ಲ ಎಂದು ಗುರುತು ಹಾಕಿ, ಕ್ಲಬ್‌ನ ಅಧಿಕೃತ ಇಮೇಲ್‌ಗೂ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲೂ ನೋಟಿಸ್ ಕಳಿಸಿ. ಬಾಕಿ ಮೊತ್ತ, ತಿಂಗಳುಗಳು, ಹಣ ಹಾಕಬೇಕಾದ ಖಾತೆ ಸಂಖ್ಯೆ, 15 ದಿನದ ಗಡುವು ಅದರಲ್ಲಿರಬೇಕು. ಮ್ಯಾನೇಜರ್‌ಗೆ ಹಾಕಿದ ವಾಟ್ಸ್‌ಆ್ಯಪ್ ಪೂರಕ ಸಾಕ್ಷಿಯಾದೀತು, ನೋಟಿಸ್ ಆಗದು.

ಆ 15 ದಿನ ಹುಡುಗ ಅಭ್ಯಾಸ ತಪ್ಪಿಸಕೂಡದು. ಸಿಟ್ಟಿನಲ್ಲಿ ಕ್ಯಾಂಪ್ ಬಿಟ್ಟು ಊರಿಗೆ ಬಂದರೆ ಗೈರುಹಾಜರಿ ಎಂದು ಕ್ಲಬ್ ಕೇಸು ತಿರುಗಿಸುತ್ತದೆ. ಇನ್ನೊಂದು ಬಲೆ, ಬೇರೆ ಕ್ಲಬ್‌ಗೆ ಹೋಗಲು ಬಿಡುಗಡೆ ಪತ್ರ ಕೇಳಿದಾಗ ‘ಯಾವ ಬಾಕಿಯೂ ಇಲ್ಲ’ ಎಂಬ ಹಾಳೆ ಮುಂದಿಟ್ಟು ಸಹಿ ಕೇಳುತ್ತಾರೆ. ಟ್ರಾನ್ಸ್‌ಫರ್ ವಿಂಡೊ ಮುಚ್ಚಲು ಎರಡು ದಿನ ಇರುವಾಗ ಹುಡುಗರು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಹಾಕಿದರೆ ಅಲ್ಲಿಗೆ ಮುಗಿಯಿತು. ಸಹಿ ಹಾಕಲೇಬೇಕಾದರೆ ಬಾಕಿ ಮೊತ್ತವನ್ನು ಅದೇ ಹಾಳೆಯಲ್ಲಿ ಬರೆಸಿ ಹಾಕಲಿ. ಫುಟ್‌ಬಾಲ್ ಪ್ಲೇಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಆಟಗಾರರ ಸಂಘ 2006ರಿಂದ ಇದೆ. ನೋಟಿಸ್ ಕಳಿಸುವ ಮುಂಚೆ ಅವರೊಂದಿಗೆ ಮಾತಾಡಿ. ಕ್ರಿಕೆಟಿಗರಿಗಿಲ್ಲದ ಅನುಕೂಲ ನಿಮಗಿದೆ.

ಪ್ರಶ್ನೆ: ಮಹಿಳಾ ಕ್ರಿಕೆಟಿಗರಿಗೂ ಸಮಾನ ವೇತನ ಎಂದು 2022ರಲ್ಲೇ ಘೋಷಣೆಯಾಯಿತು. ಇನ್ನೂ ಯಾಕೆ ಗೊಣಗಾಟ?
— ಯಲಹಂಕದ ಓದುಗರು

ಸಮಾನವಾದದ್ದು ಪಂದ್ಯ ಶುಲ್ಕ ಮಾತ್ರ: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಎಷ್ಟು ಪಂದ್ಯ ಕೊಡುತ್ತಾರೆ ಎಂಬುದು ಸಮಾನವಲ್ಲ. ಅದರಲ್ಲೂ ಶುಲ್ಕ ಹೆಚ್ಚಿರುವ ಟೆಸ್ಟ್ ಮಹಿಳೆಯರಿಗೆ ಅಪರೂಪ. ವಾರ್ಷಿಕ ಗುತ್ತಿಗೆಯಂತೂ 2024-25ರ ಪಟ್ಟಿಯಲ್ಲಿ ಪುರುಷರ ಮೇಲ್ದರ್ಜೆಗೆ 7 ಕೋಟಿ, ಮಹಿಳೆಯರ ಮೇಲ್ದರ್ಜೆಗೆ 50 ಲಕ್ಷ. ಹದಿನಾಲ್ಕು ಪಟ್ಟು ಅಂತರ. ದೇಶೀಯ ಟೂರ್ನಿಯಲ್ಲಿ ಹಿರಿಯ ಮಹಿಳೆಯರಿಗೆ ದಿನಕ್ಕೆ 20 ಸಾವಿರ ಇದ್ದದ್ದು 50 ಸಾವಿರಕ್ಕೆ ಏರಿದ್ದು 2025ರ ಡಿಸೆಂಬರ್‌ನಲ್ಲಿ, ನವೆಂಬರ್ 2ರಂದು ನವಿ ಮುಂಬೈಯಲ್ಲಿ ವಿಶ್ವಕಪ್ ಗೆದ್ದ ಮೇಲೆ. ಕಪ್ ಬರುವವರೆಗೆ ಕಾಯಬೇಕಿತ್ತೇ ಎಂದು ಆಟಗಾರ್ತಿಯರು ಕೇಳಿದರೆ ಅದನ್ನು ಗೊಣಗಾಟ ಎನ್ನಲಾಗದು.

ಮಹಿಳೆಯರ ಐಪಿಎಲ್ ಆದ ಡಬ್ಲ್ಯುಪಿಎಲ್‌ನಲ್ಲಿ ಒಳ್ಳೆಯ ಸುದ್ದಿಯೂ ಇದೆ. ಬೆಂಗಳೂರಿನ ಶ್ರೇಯಾಂಕಾ ಪಾಟೀಲ 2023ರಲ್ಲಿ 10 ಲಕ್ಷದ ಮೂಲಬೆಲೆಗೆ ಆರ್‌ಸಿಬಿ ಸೇರಿದವರು. 2026ಕ್ಕೆ ಉಳಿಸಿಕೊಂಡದ್ದು 60 ಲಕ್ಷಕ್ಕೆ.

ಪ್ರಶ್ನೆ: ಕರ್ನಾಟಕದ ರಣಜಿ ಆಟಗಾರ ವರ್ಷಕ್ಕೆ ಎಷ್ಟು ದುಡಿಯುತ್ತಾನೆ?
— ವಿಜಯನಗರದ ಓದುಗರು

ದಿನದ ಲೆಕ್ಕ. 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60 ಸಾವಿರ, 21ರಿಂದ 40 ಆಡಿದವರಿಗೆ 50, ಅದಕ್ಕೂ ಕಡಿಮೆಯಾದರೆ 40. ಮೀಸಲು ಆಟಗಾರರಿಗೆ ಇದರ ಅರ್ಧ. ಲೀಗ್‌ನಲ್ಲಿ ನಾಲ್ಕು ದಿನದ ಏಳು ಪಂದ್ಯ, ಒಟ್ಟು 28 ದಿನ. ಹಿರಿಯನಿಗೆ 16.8 ಲಕ್ಷ, ಹೊಸಬನಿಗೆ 11.2 ಲಕ್ಷ, ಋತುವಿಡೀ ನೀರು ಹೊತ್ತ ಹೊಸಬನಿಗೆ 5.6 ಲಕ್ಷ. ಮೇಲೆ ಹೇಳಿದ ಮಂಡಳಿ ಆದಾಯದ ಪಾಲು ಬೇರೆ ಬರುತ್ತದೆ, ಋತು ಮುಗಿದು ಎಷ್ಟೋ ಕಾಲದ ಮೇಲೆ. ಐಪಿಎಲ್‌ನಲ್ಲಿ ಒಂದೂ ಪಂದ್ಯ ಆಡದೆ ಬೆಂಚಿನಲ್ಲಿ ಕೂತವನಿಗೂ ಕನಿಷ್ಠ 30 ಲಕ್ಷ. ಹುಡುಗರು ಕೆಂಪು ಚೆಂಡಿನ ದಿನಗಟ್ಟಲೆಯ ಆಟ ಬಿಟ್ಟು ಸಿಕ್ಸರ್ ಅಭ್ಯಾಸಕ್ಕೆ ಬೀಳುವುದನ್ನು ಬೈಯುವ ಹಿರಿಯರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಲಿ. ಹೊಟ್ಟೆಪಾಡಿನ ಈ ಅಂತರದಲ್ಲೇ ಬುಕ್ಕಿಗಳು ಕೈಹಾಕುವುದು. 2019ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಫಿಕ್ಸಿಂಗ್ ಪ್ರಕರಣದ ನಂತರ ರಾಜ್ಯದ ಟಿ20 ಲೀಗ್ ಕೆಪಿಎಲ್ ನಿಂತೇಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಅದರ ಜಾಗಕ್ಕೆ ಬಂತು.

ಪ್ರಶ್ನೆ: ಕಬಡ್ಡಿಯವರಿಗೂ ಕೋಟಿ ಸಿಗುತ್ತಿದೆ. ಇನ್ನು ಸರ್ಕಾರಿ ನೌಕರಿ ಯಾಕೆ ಬೇಕು?
— ಪೀಣ್ಯದ ಓದುಗರು

ಪ್ರೊ ಕಬಡ್ಡಿ ಲೀಗ್‌ನ 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ, 12.8 ಲಕ್ಷ. ಒಂದು ಕಾಲಕ್ಕೆ ನಮ್ಮ ಬೆಂಗಳೂರು ಬುಲ್ಸ್‌ನ ಕಣ್ಮಣಿಯಾಗಿದ್ದ ಪವನ್ ಸೆಹ್ರಾವತ್ 2023ರಲ್ಲಿ ತೆಲುಗು ಟೈಟನ್ಸ್‌ಗೆ 2.605 ಕೋಟಿಗೆ ಹೋದರು. ಆದರೆ ತಂಡದ ಪರ್ಸ್ 5 ಕೋಟಿ. ಒಬ್ಬನಿಗೇ ಅರ್ಧ ಹೋದರೆ ಉಳಿದವರಿಗೆ ಮಿಕ್ಕಿದ್ದರಲ್ಲಿ ಹಂಚಿಕೆ. ಎಲ್ಲಕ್ಕಿಂತ ಕೆಳಗಿನ ‘ಡಿ’ ವರ್ಗದ ಮೂಲಬೆಲೆ 9 ಲಕ್ಷ. ಮೊಣಕಾಲಿನ ಲಿಗಮೆಂಟ್ ಒಮ್ಮೆ ಹರಿದರೆ ಆ 9 ಲಕ್ಷವೂ ಮುಂದಿನ ವರ್ಷ ಖಾತ್ರಿಯಿಲ್ಲ. ರೈಲ್ವೆ, ಬ್ಯಾಂಕು, ಎಚ್‌ಎಎಲ್, ಐಟಿಐ ನೌಕರಿಗಳಿಂದಲೇ ಈ ಊರಿನಲ್ಲಿ ಎರಡು ತಲೆಮಾರು ಫುಟ್‌ಬಾಲ್, ಕಬಡ್ಡಿ, ವಾಲಿಬಾಲ್ ಬದುಕಿದ್ದು. ನೌಕರಿ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಕೊಹ್ಲಿಗೆ 21 ಕೋಟಿ ಬಂದರೆ ನನಗೇನು ಬಂತು?
— ಕತ್ರಿಗುಪ್ಪೆಯ ಓದುಗರು

18 ವರ್ಷ ಕಾದ ಮೇಲೆ 2025ರ ಜೂನ್ 3ರಂದು ಒಂದು ಕಪ್ ಬಂತು. ಅದರಲ್ಲಿ ನಿಮ್ಮ ಪಾಲು ಪಡೆದಿದ್ದೀರಿ ಎಂದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಬಡಾವಣೆಯ ಟೆನಿಸ್‌ಬಾಲ್ ಟೂರ್ನಿಯಲ್ಲಿ ಮೊದಲ ಬಹುಮಾನ ಒಂದು ಲಕ್ಷ ಎಂದು ಕರಪತ್ರ ಹಂಚಿದರು. ಗೆದ್ದ ಮೇಲೆ ‘ತಂಡ ಕಡಿಮೆ ಬಂದವು’ ಎಂದು 40 ಸಾವಿರ ಕೊಟ್ಟರು. ಉಳಿದದ್ದು ವಸೂಲಿ ಆಗುತ್ತದೆಯೇ?
— ನೆಲಮಂಗಲದ ಓದುಗರು

ಕರಪತ್ರ ನೋಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ತಂಡಗಳ ಸಂಖ್ಯೆಗೆ ಅನುಗುಣವಾಗಿ’ ಎಂದಿದೆಯೇ? ಇದ್ದರೆ ಕಷ್ಟ. ಇಲ್ಲದಿದ್ದರೆ ಕರಪತ್ರ, ಪ್ರವೇಶ ಶುಲ್ಕದ ರಸೀದಿ ಅಥವಾ ಯುಪಿಐ ದಾಖಲೆ, ಬಹುಮಾನ ವಿತರಣೆಯ ಫೋಟೊ ಇಟ್ಟುಕೊಂಡು ವಕೀಲರ ನೋಟಿಸ್ ಕಳಿಸಿ. ಮೊತ್ತ ಸಣ್ಣದಾದ್ದರಿಂದ ಕೋರ್ಟಿಗೆ ಹೋಗುವ ಮುಂಚೆಯೇ ಇತ್ಯರ್ಥಕ್ಕೆ ಬರುವ ಸಂಭವ ಹೆಚ್ಚು.

ಮುಂದಿನ ಸಲಕ್ಕೆ, ಹೆಸರು ಕೊಡುವ ಮುನ್ನ ಮನಸ್ಸಿನಲ್ಲೇ ಲೆಕ್ಕ ಹಾಕಿ. 32 ತಂಡ, ತಲಾ 4,000 ಪ್ರವೇಶ ಶುಲ್ಕ ಎಂದರೆ ಬರುವುದು 1.28 ಲಕ್ಷ. ಬಹುಮಾನ ಮೊದಲನೆಯದು ಒಂದು ಲಕ್ಷ, ಎರಡನೆಯದು 50 ಸಾವಿರ ಎಂದಿದ್ದರೆ ಮೈದಾನ, ಅಂಪೈರ್, ಚೆಂಡು, ಶಾಮಿಯಾನ, ಫ್ಲಡ್‌ಲೈಟ್ ಜನರೇಟರ್ ಇವೆಲ್ಲಕ್ಕೂ ಪ್ರಾಯೋಜಕರೇ ಬೇಕು. ಫ್ಲೆಕ್ಸ್‌ನಲ್ಲಿ ರಾಜಕಾರಣಿಗಳ ಮುಖವಷ್ಟೇ ಇದ್ದು ಅಂಗಡಿ, ಕಂಪನಿಯ ಹೆಸರು ಒಂದೂ ಇಲ್ಲವೆಂದರೆ ಬಹುಮಾನ ಪೂರ್ತಿ ಬರುವುದು ಅನುಮಾನ. ಸೆಮಿಫೈನಲ್ ಮುಂಚೆಯೇ ನಾಲ್ಕೂ ತಂಡದ ನಾಯಕರು ಒಟ್ಟಾಗಿ ಹೋಗಿ ಬಹುಮಾನದ ಹಣವನ್ನು ಮೂರನೆಯವರ ಬಳಿ ಇಡಿಸಿ. ಫೈನಲ್ ಮುಗಿದ ಮೇಲೆ ಕೇಳಿದರೆ ಸೋತ ತಂಡ ನಿಮ್ಮ ಜೊತೆ ನಿಲ್ಲುವುದಿಲ್ಲ.

ಪ್ರಶ್ನೆ: ಮಗನಿಗೆ 17 ವರ್ಷ. ಲೀಗ್ ಒಂದರಲ್ಲಿ 2 ಲಕ್ಷ ಬಂತು, ಶೇ 20 ಟಿಡಿಎಸ್ ಕತ್ತರಿಸಿದ್ದಾರೆ. ಬೇರೆಯವರಿಗೆ ಶೇ 10 ಮಾತ್ರ. ಯಾಕೆ? ವಾಪಸ್ ಬರುತ್ತದೆಯೇ?
— ಕೆಂಗೇರಿಯ ಓದುಗರು

ಮಗನ ಪ್ಯಾನ್ ಸಂಖ್ಯೆ ಕೊಟ್ಟಿರಲಿಕ್ಕಿಲ್ಲ. ವರ್ಷಕ್ಕೆ 50 ಸಾವಿರ ಮೀರಿದ ವೃತ್ತಿಪರ ಶುಲ್ಕಕ್ಕೆ ಶೇ 10, ಪ್ಯಾನ್ ಇಲ್ಲದಿದ್ದರೆ ಶೇ 20. ಅಪ್ರಾಪ್ತರಿಗೂ ಪ್ಯಾನ್ ಸಿಗುತ್ತದೆ, ಪೋಷಕರಾಗಿ ನೀವು ಅರ್ಜಿ ಹಾಕಬೇಕು. ಅದು ಬಂದ ತಕ್ಷಣ ಸಂಘಟಕರಿಗೆ ಕೊಟ್ಟು, ಅವರ ಟಿಡಿಎಸ್ ವಿವರಪಟ್ಟಿಯನ್ನು ತಿದ್ದಿಸಿ. ತಿದ್ದದೆ ಹೋದರೆ ಕತ್ತರಿಸಿದ ಹಣ ಮಗನ ಹೆಸರಿನಲ್ಲಿ ಕಾಣುವುದೇ ಇಲ್ಲ.

ಅಪ್ರಾಪ್ತರ ಆದಾಯ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ, ಆದರೆ ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಸೇರುವುದಿಲ್ಲ. ಆದ್ದರಿಂದ ನಿಮ್ಮ ರಿಟರ್ನ್‌ನಲ್ಲಿ ತೋರಿಸದೆ ಮಗನ ಹೆಸರಿನಲ್ಲೇ ಬೇರೆ ಸಲ್ಲಿಸಿ. 2 ಲಕ್ಷಕ್ಕೆ ತೆರಿಗೆ ಇಲ್ಲ, 40 ಸಾವಿರ ಪೂರ್ತಿ ಮರುಪಾವತಿ ಬರಬೇಕು. ಫಾರಂ ಆರಿಸುವಾಗ ಎಚ್ಚರ. ವೈದ್ಯರು, ವಕೀಲರು ಬಳಸುವ, ಗಳಿಕೆಯ ಅರ್ಧವನ್ನೇ ಆದಾಯವೆಂದು ಅಂದಾಜಿಸಿ ತೋರಿಸುವ ಯೋಜನೆಯ ಪಟ್ಟಿಯಲ್ಲಿ ಕ್ರೀಡಾಪಟು ಇಲ್ಲ, ಐಟಿಆರ್-3 ಬೇಕು. ಬೂಟು, ಬ್ಯಾಟು, ಪ್ರಯಾಣ, ತರಬೇತಿಯ ರಸೀದಿಗಳನ್ನು ಈಗಿನಿಂದಲೇ ಒಂದು ಫೈಲಿಗೆ ಹಾಕಿಡಿ, ಸಂಪಾದನೆ ಏರಿದ ವರ್ಷ ಬೇಕಾಗುತ್ತವೆ. ಮರುಪಾವತಿಗೆ ಕೊಡುವ ಬ್ಯಾಂಕ್ ಖಾತೆ ಮಗನ ಹೆಸರಿನಲ್ಲೇ ಇರಲಿ, ಇ-ಫೈಲಿಂಗ್ ತಾಣದಲ್ಲಿ ಆ ಖಾತೆಯನ್ನು ಮೊದಲೇ ದೃಢೀಕರಿಸಿ.